ಹೆಸರೇ ಇಲ್ಲದ ಹಳೆಯ ಅಡಿಗಲ್ಲು: ತಯಾರಿಸಿದವರು ಯಾರೆಂದು ಪತ್ತೆ ಹಚ್ಚುವುದು ಹೇಗೆ?

ಕಮ್ಮಾರರು ಕಾದ ಕಬ್ಬಿಣವನ್ನಿಟ್ಟು ಬಡಿಯುವ ಸಾಧನವೇ ಅಡಿಗಲ್ಲು. ಹಿಂದಿಯಲ್ಲಿ ಇದು ನಿಹಾಯಿ, ಮರಾಠಿಯಲ್ಲಿ ಐರಣ. ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ 19ನೇ ಶತಮಾನದಲ್ಲಿ ತಯಾರಾದ ಅಡಿಗಲ್ಲುಗಳನ್ನು ಸಂಗ್ರಹಕಾರರಷ್ಟೇ ಅಲ್ಲ, ಕುಲುಮೆ ಕೆಲಸ ಕಲಿಯುವವರೂ ಹುಡುಕಿ ಕೊಳ್ಳುತ್ತಾರೆ. ಆದರೆ ತುಕ್ಕು, ಬಣ್ಣ, ಸುತ್ತಿಗೆ ಏಟಿಗೆ ಸಿಕ್ಕು ಅನೇಕ ಅಡಿಗಲ್ಲುಗಳ ಮೇಲಿನ ಕಂಪನಿ ಹೆಸರು ಅಳಿಸಿಹೋಗಿರುತ್ತದೆ. ಹೀಗಾಗಿ ಒಳ್ಳೆಯ ಅಡಿಗಲ್ಲು ಗುಜರಿ ಬೆಲೆಗೆ ಹೋಗುವುದುಂಟು. ಸಾಧಾರಣ ತುಂಡೊಂದು ದೊಡ್ಡ ಹೆಸರು ಹೊತ್ತು ದುಬಾರಿ ಬೆಲೆಗೆ ಮಾರಾಟವಾಗುವುದೂ ಉಂಟು.

ಹೆಸರು ಅಳಿಸಿಹೋದರೂ ತಯಾರಿಕೆಯ ಕುರುಹುಗಳು ಉಳಿದಿರುತ್ತವೆ. ಅವುಗಳನ್ನು ಓದುವುದು ಹೇಗೆ? ಇಲ್ಲಿದೆ ವಿವರ.

ಮೊದಲು ಗ್ರೈಂಡರ್ ದೂರವಿಡಿ

ಹಳೆಯ ಅಡಿಗಲ್ಲು ಕೈಗೆ ಬಂದ ಕೂಡಲೇ ಉಜ್ಜಿ ಹೊಳಪು ಕೊಡುವ ಆಸೆ ಸಹಜ. ಆದರೆ ಗ್ರೈಂಡರ್ ಹಿಡಿದರೆ ಉಳಿದಿದ್ದ ಅಕ್ಷರ, ಅಂಕಿಗಳೂ ಅಳಿಸಿಹೋಗುತ್ತವೆ. ಬಡಿಯುವ ಮೇಲ್ಮೈಗೆ ಬೆಸೆದಿರುವ ಗಟ್ಟಿ ಉಕ್ಕಿನ ಪದರ ತೆಳುವಾಗಿ, ಅಡಿಗಲ್ಲೇ ಹಾಳಾಗುತ್ತದೆ. ಕೈಯಲ್ಲಿ ಹಿಡಿದು ಉಜ್ಜುವ ವೈರ್ ಬ್ರಷ್ ಸಾಕು. ನಂತರ ಕತ್ತಲೆ ಕೋಣೆಯಲ್ಲಿ ಟಾರ್ಚ್ ಬೆಳಕನ್ನು ಪಕ್ಕದಿಂದ, ಓರೆಯಾಗಿ ಬಿಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರಗಳು ನೆರಳಿನಿಂದ ಎದ್ದು ಕಾಣುತ್ತವೆ. ಸೀಮೆಸುಣ್ಣದ ಪುಡಿ ಸವರಿ ಒರೆಸಿದರೆ ತಗ್ಗಿನಲ್ಲಿ ಕುಳಿತ ಪುಡಿಯೂ ಅಕ್ಷರ ತೋರಿಸುತ್ತದೆ.

ಬಡಿದು ಮಾಡಿದ್ದೋ, ಎರಕ ಹೊಯ್ದದ್ದೋ?

ಸೊಂಟದ ಭಾಗದಲ್ಲಿ ಮುಂದೆ, ಹಿಂದೆ ಚೌಕಾಕಾರದ ಸಣ್ಣ ಕುಳಿಗಳಿವೆಯೇ ನೋಡಿ. ಕೆಂಪಗೆ ಕಾದ ಭಾರಿ ಕಬ್ಬಿಣವನ್ನು ಹಿಡಿದು ತಿರುಗಿಸಲು ಮಾಡಿದ ಕುಳಿಗಳಿವು. ಇವಿದ್ದರೆ ಅಡಿಗಲ್ಲನ್ನು ಬಡಿದು ರೂಪಿಸಲಾಗಿದೆ ಎಂದರ್ಥ. ಇಂಗ್ಲೆಂಡಿನ ಪೀಟರ್ ರೈಟ್, ಮೌಸ್‌ಹೋಲ್, ಅಮೆರಿಕದ ಹೇ-ಬಡನ್, ಟ್ರೆಂಟನ್ ಈ ಗುಂಪಿಗೆ ಸೇರುತ್ತವೆ.

ಅಕ್ಷರ ಅಥವಾ ಚಿಹ್ನೆ ಒತ್ತಿದಂತೆ ತಗ್ಗಾಗಿರದೆ ಉಬ್ಬಿಕೊಂಡಿದ್ದರೆ ಅದು ಎರಕದ್ದು. ಪಕ್ಕದಲ್ಲಿ ಹದ್ದಿನ ಉಬ್ಬು ಚಿತ್ರವಿದ್ದರೆ ಅಮೆರಿಕದ ಫಿಶರ್ ಎನ್ನಬಹುದು. ಬೀಡು ಕಬ್ಬಿಣದ ಒಡಲಿಗೆ ಉಕ್ಕಿನ ಮೇಲ್ಮೈ ಬೆಸೆಯುವ ಈ ವಿಧಾನಕ್ಕೆ ಮಾರ್ಕ್ ಫಿಶರ್ 1847ರಲ್ಲಿ ಪೇಟೆಂಟ್ ಪಡೆದಿದ್ದರು.

ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸದ್ದನ್ನೂ ಕೇಳಿ. ಬಡಿದು ಮಾಡಿದವು ಗಂಟೆಯಂತೆ ಮೊಳಗುತ್ತವೆ. ಸ್ವೀಡನ್ನಿನ ಕೋಲ್ಸ್ವಾದಂಥ ಪೂರ್ತಿ ಎರಕದ ಉಕ್ಕಿನವೂ ಹಾಗೆಯೇ. ಫಿಶರ್ ಮಾತ್ರ ಮಂದ ಸದ್ದು ಮಾಡುತ್ತದೆ. ಅದು ದೋಷವಲ್ಲ, ಆ ಅಡಿಗಲ್ಲಿನ ಗುಣವೇ ಹಾಗೆ. ಆದರೆ ಮೊಳಗಬೇಕಾದದ್ದು ಮೊಳಗದಿದ್ದರೆ ಒಳಗೆ ಬಿರುಕು ಬಿಟ್ಟಿರುವ ಸಾಧ್ಯತೆ ಇದೆ.

ಅಂಕಿಗಳ ಲೆಕ್ಕ

ಪಕ್ಕದಲ್ಲಿ ಬಿಡಿಬಿಡಿಯಾಗಿ ಮೂರು ಅಂಕಿಗಳಿದ್ದರೆ ಅದು ಇಂಗ್ಲೆಂಡಿನ ಹಳೆಯ ತೂಕದ ಲೆಕ್ಕ ಆಗಿರಬಹುದು. ಮೊದಲನೆಯದು ಹಂಡ್ರೆಡ್‌ವೇಟ್, ಅಂದರೆ 112 ಪೌಂಡ್. ಎರಡನೆಯದು ಅದರ ಕಾಲು ಭಾಗ, 28 ಪೌಂಡ್. ಮೂರನೆಯದು ಬಿಡಿ ಪೌಂಡ್.

ಉದಾಹರಣೆಗೆ 1-2-14 ಎಂದಿದ್ದರೆ 112 + 56 + 14 = 182 ಪೌಂಡ್. ಅಂದರೆ ಸುಮಾರು 82.5 ಕೆ.ಜಿ. ಈ ಪದ್ಧತಿಯಲ್ಲಿ ನಡುವಿನ ಅಂಕಿ 3ನ್ನು, ಕೊನೆಯದು 27ನ್ನು ದಾಟುವುದಿಲ್ಲ. 1-5-0 ಎಂದು ಕಂಡರೆ ಅದು ನೇರವಾಗಿ 150 ಪೌಂಡ್, ಅಂದರೆ ಅಮೆರಿಕದ್ದಾಗಿರುವ ಸಾಧ್ಯತೆ ಹೆಚ್ಚು. ಒಮ್ಮೆ ತೂಕ ಮಾಡಿ ನೋಡಿದರೆ ಯಾವ ಲೆಕ್ಕ ಸರಿ ಎಂಬುದು ಖಚಿತವಾಗುತ್ತದೆ.

ಮುಂದಿನ ಪಾದದ ಮೇಲೆ ಇನ್ನೊಂದು ದೊಡ್ಡ ಸಂಖ್ಯೆ ಇದ್ದರೆ ಅದು ಸೀರಿಯಲ್ ನಂಬರ್ ಆಗಿರಬಹುದು. ಹೇ-ಬಡನ್, ಟ್ರೆಂಟನ್ ಅಡಿಗಲ್ಲುಗಳ ವರ್ಷ ತಿಳಿಯಲು ಇದೇ ಆಧಾರ. ರಿಚರ್ಡ್ ಪೋಸ್ಟ್‌ಮನ್ ಅವರ 'ಆನ್ವಿಲ್ಸ್ ಇನ್ ಅಮೆರಿಕಾ' ಪುಸ್ತಕವನ್ನು ಸಂಗ್ರಹಕಾರರು ಇದಕ್ಕಾಗಿ ನೋಡುತ್ತಾರೆ.

ಮಗುಚಿ ತಳ ನೋಡಿ

ಹೆಚ್ಚಿನವರು ನೋಡದೇ ಬಿಡುವ ಜಾಗವಿದು. ಸವೆತ ಕಡಿಮೆ ಇರುವುದರಿಂದ ಇಲ್ಲಿನ ಕುರುಹು ಚೆನ್ನಾಗಿ ಉಳಿದಿರುತ್ತದೆ. ತಳದಲ್ಲಿ ಮರಳು ಗಡಿಯಾರದ ಆಕಾರದ ತಗ್ಗಿದ್ದರೆ ಹೇ-ಬಡನ್, ಮಾತ್ರೆಯಂತೆ ಉದ್ದುದ್ದ ದುಂಡಗಿನ ತಗ್ಗಿದ್ದರೆ ಟ್ರೆಂಟನ್ ಎಂದು ಊಹಿಸಬಹುದು. ಅಡಿಗಲ್ಲು ಭಾರಿ ತೂಕದ್ದು. ಒಬ್ಬರೇ ಮಗುಚಲು ಹೋಗಬೇಡಿ.

ಪಾದಗಳ ಮೇಲೆ ಸಣ್ಣ ಮೆಟ್ಟಿಲಿನಂಥ ಚಪ್ಪಟೆ ಅಂಚಿದ್ದರೆ ಪೀಟರ್ ರೈಟ್ ಇರಬಹುದು. ಆದರೆ ಇಂಥ ಅಂಚು ಬೇರೆಯವರ ಅಡಿಗಲ್ಲುಗಳಲ್ಲೂ ಇರುವುದರಿಂದ ಅದೊಂದನ್ನೇ ನಂಬುವಂತಿಲ್ಲ.

ಎಷ್ಟು ಹಳೆಯದು?

ಮೇಲ್ಮೈಯಲ್ಲಿ ಚೌಕ ರಂಧ್ರದ ಜತೆಗೆ ಸಣ್ಣ ದುಂಡು ರಂಧ್ರವೂ ಇರುವುದು ವಾಡಿಕೆ. ದುಂಡು ರಂಧ್ರ ಇಲ್ಲದ ಇಂಗ್ಲಿಷ್ ಅಡಿಗಲ್ಲು ಸಾಮಾನ್ಯವಾಗಿ 1830ರ ಆಸುಪಾಸಿಗಿಂತ ಹಿಂದಿನದು. 'ಇಂಗ್ಲೆಂಡ್' ಎಂಬ ಮುದ್ರೆಯೂ ಒಂದು ಸುಳಿವು. ಆಮದು ವಸ್ತುಗಳ ಮೇಲೆ ದೇಶದ ಹೆಸರಿರಬೇಕು ಎಂಬ ಅಮೆರಿಕದ ನಿಯಮ 1891ರಲ್ಲಿ ಜಾರಿಗೆ ಬಂದಿದ್ದರಿಂದ, ಅಲ್ಲಿ ಸಿಕ್ಕ ಇಂಥ ಅಡಿಗಲ್ಲು ಬಹುತೇಕ ಆ ನಂತರದ್ದು.

ಹೆಸರಿನ ಗೊಂದಲ ಬೇಡ

ಅರ್ಧಂಬರ್ಧ ಅಕ್ಷರ ಕಂಡಾಗ ಎಚ್ಚರ ಬೇಕು. ಟ್ರೆಂಟನ್ ಬ್ರಾಂಡ್ ತಯಾರಾಗಿದ್ದು ಒಹಾಯೊದ ಕೊಲಂಬಸ್‌ನಲ್ಲಿ. ನ್ಯೂಜೆರ್ಸಿಯ ಟ್ರೆಂಟನ್ ನಗರದಲ್ಲಿ ತಯಾರಾಗುತ್ತಿದ್ದುದು ಫಿಶರ್! ಸುತ್ತಿಗೆ ಹಿಡಿದ ತೋಳಿನ ಚಿಹ್ನೆಯನ್ನೂ ಇಬ್ಬರು ಬಳಸಿದ್ದಾರೆ. ಅದು ಉಬ್ಬಿದ್ದರೆ ಎರಕದ ವಲ್ಕನ್, ಒತ್ತಿದ್ದರೆ ಆರ್ಮ್ ಅಂಡ್ ಹ್ಯಾಮರ್.

ಹೆಸರು ಸಿಗದೇ ಹೋದರೆ?

ಒಂದೇ ಕುರುಹು ನಂಬಿ ಹೆಸರು ಹೇಳುವುದು ಸರಿಯಲ್ಲ. ತಯಾರಿಕೆಯ ವಿಧಾನ, ತೂಕದ ಅಂಕಿ, ತಳದ ಆಕಾರ ಈ ಮೂರೂ ಒಂದೇ ಕಡೆ ಬೆರಳು ತೋರಿದರೆ ಮಾತ್ರ ಹೆಸರು ಹೇಳಿ. ಇಲ್ಲವಾದರೆ 'ಇಂಗ್ಲೆಂಡಿನದು, ಬಡಿದು ಮಾಡಿದ್ದು, 19ನೇ ಶತಮಾನದ್ದು' ಎಂದಷ್ಟೇ ಹೇಳುವುದೂ ಪ್ರಾಮಾಣಿಕ ಉತ್ತರವೇ. ನಮ್ಮ ಹಳ್ಳಿಗಳ ಕುಲುಮೆಯಲ್ಲಿ ನೆಲಕ್ಕೋ ಮರದ ದಿಮ್ಮಿಗೋ ಹೂತಿರುವ, ಕೊಂಬಿಲ್ಲದ ಚೌಕ ಅಡಿಗಲ್ಲಿಗೆ ಈ ಗುರುತುಗಳು ಅನ್ವಯಿಸುವುದಿಲ್ಲ.

ಕೊಳ್ಳುವವರು ನೆನಪಿಡಬೇಕಾದ್ದು ಇಷ್ಟೇ: ಮಾರುವವರು ಕಂಪನಿ ಹೆಸರು ಹೇಳಿದರೆ, ಯಾವ ಗುರುತಿನ ಆಧಾರದ ಮೇಲೆ ಎಂದು ಕೇಳಿ. ತಳದ ಫೋಟೊ ತರಿಸಿಕೊಳ್ಳಿ, ತೂಕ ಮಾಡಿಸಿ. ಹೆಸರಿಗೆ ಹೆಚ್ಚುವರಿ ಹಣ ಕೊಡುವುದು ಆಮೇಲಿನ ಮಾತು.