ಕಾಫಿ ನಾಡಿನ ಜೈನ ಯುವಜನರ ಉನ್ನತ ಶಿಕ್ಷಣ: ಸೀಟು, ದಾಖಲೆ, ಹಣದ ವ್ಯವಸ್ಥೆ

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲಿ ಜೈನರ ನೆಲೆ ಬಹಳ ಹಳೆಯದು. ಹೊಂಬುಜದ ಸಾಂತರರ ಒಂದು ಶಾಖೆ ಕಳಸದಲ್ಲಿ ನೆಲೆಯೂರಿ, ಮುಂದೆ ಕಾರ್ಕಳದ ಭೈರರಸರೆಂದು ಹೆಸರಾಯಿತು. 1432ರಲ್ಲಿ ಕಾರ್ಕಳದ ಬಾಹುಬಲಿ ಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು ಇದೇ ಮನೆತನ. ಇಂದು ಕಳಸ, ಸಂಸೆ ಸುತ್ತಲಿನ ಜೈನ ಮನೆಗಳು ಕಾಫಿ, ಅಡಿಕೆ, ಕಾಳುಮೆಣಸನ್ನು ನಂಬಿವೆ. ಚಿಕ್ಕಮಗಳೂರು, ಮೂಡಿಗೆರೆ ಪೇಟೆಗಳಲ್ಲಿ ವ್ಯಾಪಾರಸ್ಥ ಕುಟುಂಬಗಳೂ ಇವೆ. ಮಕ್ಕಳನ್ನು ಓದಿಸಬೇಕೆಂಬ ಆಸೆಗೆ ಇಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಬೇಕಾದ ಹೊತ್ತಿಗೆ ಕೈಯಲ್ಲಿ ಹಣ ಮತ್ತು ಸರಿಯಾದ ಕಾಗದಪತ್ರ ಇರುವುದರಲ್ಲಿ.

ತೋಟದ ಲೆಕ್ಕ, ಕಾಲೇಜಿನ ಲೆಕ್ಕ

ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ, ರೋಬಸ್ಟಾ ಅದರ ಬೆನ್ನಿಗೆ ಮಾರ್ಚ್‌ವರೆಗೆ. ಮೆಣಸು ಬಿಡಿಸಿ ಒಣಗಿಸಿ ಮಾರುವಷ್ಟರಲ್ಲಿ ಏಪ್ರಿಲ್ ಬರುತ್ತದೆ. ಅಂದರೆ ಸಣ್ಣ ಬೆಳೆಗಾರರ ಕೈಗೆ ಹಣ ಬರುವುದು ಬೇಸಿಗೆಯಲ್ಲಿ. ಸಿಇಟಿ ನಡೆಯುವುದು ಏಪ್ರಿಲ್ ಸುಮಾರಿಗೆ. ಸೀಟು ಹಂಚಿಕೆ, ಶುಲ್ಕ, ಹಾಸ್ಟೆಲ್ ಠೇವಣಿ ಎಲ್ಲವೂ ಮಳೆಗಾಲದಲ್ಲಿ. ಆ ಹೊತ್ತಿಗೆ ಕೊಯ್ಲಿನ ಹಣ ಕೂಲಿ, ಗೊಬ್ಬರ, ಬೋರ್ಡೋ ಸಿಂಪಡಣೆ, ಬೆಳೆ ಸಾಲದ ನವೀಕರಣಕ್ಕೆ ಕರಗಿರುತ್ತದೆ. ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಲು ಸಿಗುವುದು ಕೆಲವೇ ದಿನಗಳು.

ಆಗ ಉಳಿಯುವ ದಾರಿಗಳು ಮೂರು. ಚಿನ್ನ ಅಡವಿಡುವುದು, ಕೈಸಾಲ ಮಾಡುವುದು, ಇಲ್ಲವೇ ಮುಂದಿನ ಬೆಳೆಯ ಮೇಲೆ ವ್ಯಾಪಾರಿಯಿಂದ ಮುಂಗಡ ಪಡೆಯುವುದು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ 1 ಲಕ್ಷ ರೂಪಾಯಿ ಕೈಸಾಲ ತಂದರೆ ಜುಲೈನಿಂದ ಮಾರ್ಚ್‌ವರೆಗಿನ ಎಂಟು ತಿಂಗಳಿಗೆ ಬಡ್ಡಿಯೇ 16,000 ರೂಪಾಯಿ. ಮುಂಗಡ ಪಡೆದವರು ಬೆಲೆ ಏರಿದಾಗ ಕಾದು ಮಾರುವ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಹಣ ಒಬ್ಬರಿಗೆ ಮಾತ್ರ ಸಾಲುವಂತಿದ್ದರೆ, ಹತ್ತಿರದ ಕಾಲೇಜಿಗೆ ಸಮಾಧಾನ ಮಾಡಿಕೊಳ್ಳುವವಳು ಸಾಮಾನ್ಯವಾಗಿ ಮಗಳು. ಇದನ್ನು ತಪ್ಪಿಸಲು ಮಳೆಗಾಲದ ಸಿದ್ಧತೆ ಬೇಸಿಗೆಯಲ್ಲೇ ಆಗಬೇಕು.

ಹತ್ತಿರದಲ್ಲಿ ಏನಿದೆ

ದೂರದ ಊರಿನಲ್ಲಿ ಕಾಲೇಜು ಶುಲ್ಕಕ್ಕಿಂತ ಊಟ, ವಸತಿಯ ಖರ್ಚೇ ಹೆಚ್ಚಾಗುವುದುಂಟು. ಆದ್ದರಿಂದ ಮೊದಲು ಹತ್ತಿರದ ಅವಕಾಶಗಳನ್ನು ನೋಡಬೇಕು. ಚಿಕ್ಕಮಗಳೂರಿನಲ್ಲಿ ಐ.ಡಿ.ಎಸ್.ಜಿ. ಸರ್ಕಾರಿ ಕಾಲೇಜು, ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯ ಹಾಗೂ ಈಚೆಗೆ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಇವೆ. ಮೂಡಿಗೆರೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಜತೆಗೆ ತೋಟಗಾರಿಕೆ ಮಹಾವಿದ್ಯಾಲಯವಿದೆ. ಕೃಷಿ, ತೋಟಗಾರಿಕೆ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಸೀಟುಗಳು ಮೀಸಲಿವೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ತೋಟದಲ್ಲೇ ಬೆಳೆದ ಮಕ್ಕಳಿಗೆ ಇದು ಅನುಕೂಲದ ದಾರಿ. ಎಂಜಿನಿಯರಿಂಗ್ ಮಾತ್ರವೇ ಓದು ಎಂದು ತಿಳಿದವರು ಇದನ್ನು ಗಮನಿಸುವುದೇ ಇಲ್ಲ.

ಘಟ್ಟದ ಕೆಳಗೂ ದಾರಿಗಳಿವೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದರೆ ಉಜಿರೆ. ಅಲ್ಲಿನ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1966ರಿಂದ ನಡೆಯುತ್ತಿದೆ. ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಆರಂಭಿಸಿದ ಸಿದ್ಧವನ ಗುರುಕುಲ ವಿದ್ಯಾರ್ಥಿಗಳಿಗೆ ಊಟ, ವಸತಿಯ ಆಸರೆಯಾಗಿದೆ. ಕಳಸದವರಿಗೆ ಕುದುರೆಮುಖದ ಮಾರ್ಗವಾಗಿ ಕಾರ್ಕಳ, ಮೂಡುಬಿದಿರೆ ಹತ್ತಿರ. ಆದರೆ 2019ರ ಆಗಸ್ಟ್‌ನಂತೆ ಗುಡ್ಡ ಕುಸಿದರೆ ಚಾರ್ಮಾಡಿ ಬಂದ್ ಆಗುತ್ತದೆ. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಹಳ್ಳಿಗಳ ಬಸ್ ಸೌಕರ್ಯ ಮತ್ತಷ್ಟು ತೆಳುವಾಯಿತು. 2023ರ ಜೂನ್‌ನಿಂದ ವಿದ್ಯಾರ್ಥಿನಿಯರಿಗೆ ಸರ್ಕಾರಿ ಬಸ್‌ನಲ್ಲಿ ಪ್ರಯಾಣ ಉಚಿತ. ಆದರೆ ಸರ್ಕಾರಿ ಬಸ್ ಬರುವ ಊರಿನವರಿಗೆ ಮಾತ್ರ ಅದರ ಲಾಭ. ಆದ್ದರಿಂದ ದಿನವೂ ಓಡಾಡುವುದೋ, ಹಾಸ್ಟೆಲೋ ಎಂಬುದನ್ನು ಸೀಟು ಆರಿಸುವ ಮೊದಲೇ ತೀರ್ಮಾನಿಸಬೇಕು.

ಮೊದಲ ಉಳಿತಾಯ ಸೀಟಿನಲ್ಲೇ

ವಿದ್ಯಾರ್ಥಿವೇತನ ಹುಡುಕುವ ಮೊದಲು ಕಡಿಮೆ ಶುಲ್ಕದ ಸೀಟು ಪಡೆಯುವುದೇ ದೊಡ್ಡ ಉಳಿತಾಯ.

- ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ.
- ದಿಗಂಬರ ಜೈನರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಬಿ ಪ್ರವರ್ಗಕ್ಕೆ ಸೇರಿದ್ದಾರೆ.
- ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳಿವೆ. ಇವಕ್ಕೆ ಎಸ್‌ಎನ್‌ಕ್ಯು ಎನ್ನುತ್ತಾರೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ರೂಪಾಯಿಯೊಳಗಿದ್ದು ಈ ಸೀಟು ಸಿಕ್ಕರೆ ಬೋಧನಾ ಶುಲ್ಕ ಮನ್ನಾ.
- ಜೈನ ಅಲ್ಪಸಂಖ್ಯಾತ ಸಂಸ್ಥೆಯೆಂದು ಮಾನ್ಯತೆ ಪಡೆದ ಕಾಲೇಜುಗಳಲ್ಲಿ ಸಮುದಾಯದ ವಿದ್ಯಾರ್ಥಿಗಳಿಗೆ ಸೀಟುಗಳ ಪಾಲು ಇರುತ್ತದೆ. ಇದಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು.

ಮರಳಿ ಕೊಡಬೇಕಿಲ್ಲದ ಹಣ

ಕೇಂದ್ರ ಸರ್ಕಾರ 2014ರ ಜನವರಿ 27ರಂದು ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ದಿಗಂಬರ, ಶ್ವೇತಾಂಬರ ಎಂಬ ಭೇದವಿಲ್ಲದೆ ಎಲ್ಲ ಜೈನರಿಗೂ ಇದು ಅನ್ವಯ. ಆದರೆ ಅಲ್ಪಸಂಖ್ಯಾತರಿಗೆಂದೇ ಇರುವ ಯೋಜನೆಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022ರಲ್ಲಿ ನಿಂತುಹೋಯಿತು. ಹಾಗಾಗಿ ಒಂದೇ ಯೋಜನೆಯನ್ನು ನೆಚ್ಚಿ ಕೂರಬಾರದು. ಎಲ್ಲರಿಗೂ ತೆರೆದಿರುವ ಇತರ ಯೋಜನೆಗಳನ್ನೂ ನೋಡಬೇಕು.

- ರೈತ ವಿದ್ಯಾನಿಧಿ: 2021ರಲ್ಲಿ ಆರಂಭವಾದ ರಾಜ್ಯ ಯೋಜನೆ. ವರ್ಷಕ್ಕೆ ಪಿಯುಸಿ, ಐಟಿಐ, ಡಿಪ್ಲೊಮಾಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ. ಬಿಎ, ಬಿಎಸ್ಸಿ, ಬಿಕಾಂಗೆ 5,000 ಮತ್ತು 5,500. ಕಾನೂನು, ನರ್ಸಿಂಗ್‌ಗೆ 7,500 ಮತ್ತು 8,000. ಎಂಜಿನಿಯರಿಂಗ್, ವೈದ್ಯಕೀಯ, ಸ್ನಾತಕೋತ್ತರಕ್ಕೆ 10,000 ಮತ್ತು 11,000 ರೂಪಾಯಿ ನಿಗದಿಯಾಯಿತು.
- ಕೇಂದ್ರ ವಲಯದ ವಿದ್ಯಾರ್ಥಿವೇತನ: ದ್ವಿತೀಯ ಪಿಯುಸಿಯಲ್ಲಿ ಮೇಲಿನ ಶೇ 20ರೊಳಗೆ ಬಂದ, ಕುಟುಂಬದ ಆದಾಯ 4.5 ಲಕ್ಷದೊಳಗಿರುವ ವಿದ್ಯಾರ್ಥಿಗಳು ಅರ್ಜಿ ಹಾಕಬಹುದು. ಪದವಿಗೆ ವರ್ಷಕ್ಕೆ 12,000 ರೂಪಾಯಿ.
- ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ: ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ.
- ವಿದ್ಯಾಸಿರಿ: ಹಾಸ್ಟೆಲ್ ಸಿಗದ ಅರ್ಹರಿಗೆ ಊಟ, ವಸತಿಗಾಗಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು.
- ಸುಜ್ಞಾನನಿಧಿ: ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸದಸ್ಯರ ಮಕ್ಕಳಿಗೆ. ಸ್ವಸಹಾಯ ಸಂಘದಲ್ಲಿರುವ ತಾಯಂದಿರು ತಮ್ಮ ಸೇವಾಪ್ರತಿನಿಧಿಯನ್ನು ಕೇಳಬೇಕು.

ತೋಟದ ಕಾರ್ಮಿಕರ ಮಕ್ಕಳಿಗೆ ಕಾಫಿ ಮಂಡಳಿಯ ಶೈಕ್ಷಣಿಕ ನೆರವಿನ ಯೋಜನೆಯಿದೆ. ತೋಟದ ಯಜಮಾನರು ತಮ್ಮ ಆಳುಗಳಿಗೆ ಇದನ್ನು ತಿಳಿಸಿ, ಅರ್ಜಿಗೆ ಸಹಿ ಹಾಕಿ ಕೊಡುವುದು ಕರ್ತವ್ಯ.

ಸಾಲ ಪಡೆಯುವಾಗ

ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವನ್ನು ಮೊದಲು ವಿಚಾರಿಸಬೇಕು. ಸಿಇಟಿ ಅಥವಾ ನೀಟ್ ಮೂಲಕ ಸೀಟು ಪಡೆದ, ಕುಟುಂಬದ ಆದಾಯ 8 ಲಕ್ಷದೊಳಗಿರುವ ವಿದ್ಯಾರ್ಥಿಗಳಿಗೆ ಇದು ಸಿಗುತ್ತದೆ. ಸೇವಾ ಶುಲ್ಕ ಶೇ 2 ಮಾತ್ರ. ವ್ಯಾಸಂಗ ಮುಗಿದ ಮೇಲೆ ಕಂತಿನಲ್ಲಿ ತೀರಿಸಬೇಕು.

ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 7.5 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಬೇಕಿಲ್ಲ. ತಂದೆ ಅಥವಾ ತಾಯಿ ಸಹಸಾಲಗಾರರಾಗಬೇಕು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ದೊರೆಯುತ್ತದೆ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಬಡ್ಡಿಯಲ್ಲಿ ಶೇ 3 ರಿಯಾಯಿತಿ ಇದೆ. ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಸೀಟು ಆರಿಸುವ ಮೊದಲೇ ನೋಡಿಕೊಳ್ಳಬೇಕು.

ಕಾಫಿ ಬೆಳೆಗಾರರಲ್ಲಿ ಅನೇಕರು ಆದಾಯ ತೆರಿಗೆ ವಿವರ ಸಲ್ಲಿಸಿರುವುದಿಲ್ಲ. ಬ್ಯಾಂಕಿನವರು ಆದಾಯದ ದಾಖಲೆ ಕೇಳಿದಾಗ ತೊಡಕಾಗುವುದು ಇಲ್ಲೇ. ಕಾಫಿ, ಮೆಣಸು ಮಾರಿದ ಬಿಲ್ಲುಗಳನ್ನು ತೆಗೆದಿಡುವುದು, ಹಣವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳುವುದು, ಬೆಳೆ ಸಾಲವನ್ನು ಸಕಾಲಕ್ಕೆ ನವೀಕರಿಸುವುದು ಮುಂದೆ ಮಕ್ಕಳ ಸಾಲಕ್ಕೆ ನೆರವಾಗುತ್ತದೆ.

ಅರ್ಜಿ ಎಲ್ಲಿ ನಿಲ್ಲುತ್ತದೆ

ಅರ್ಹತೆಯಿದ್ದರೂ ಹಣ ಬಾರದಿರುವುದಕ್ಕೆ ಸಾಮಾನ್ಯ ಕಾರಣಗಳು ಇವು.

1. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇರುವುದು. ತಂದೆಯ ಅಥವಾ ತಾಯಿಯ ಹೆಸರಿಗೆ ಜಮೀನು ಬಾರದಿದ್ದರೆ ರೈತರ ಫ್ರೂಟ್ಸ್ ಸಂಖ್ಯೆಗೆ ಅಡ್ಡಿಯಾಗುತ್ತದೆ. ಅದಿಲ್ಲದೆ ರೈತ ವಿದ್ಯಾನಿಧಿ ಇಲ್ಲ. ಪೌತಿ ಖಾತೆ ಮಾಡಿಸುವುದನ್ನು ಮುಂದೂಡಬಾರದು.
2. ಶಾಲಾ ದಾಖಲೆಯಲ್ಲಿ ಧರ್ಮ ‘ಹಿಂದೂ’, ಜಾತಿ ‘ಜೈನ’ ಎಂದಿರುವುದು. ಮಗು ಹತ್ತನೇ ತರಗತಿ ಮುಗಿಸುವ ಮೊದಲೇ ತಿದ್ದಿಸಬೇಕು. ಆಮೇಲೆ ತಿದ್ದುಪಡಿ ಕಷ್ಟ.
3. ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲಿ ಹೆಸರು ಮೂರು ಬಗೆಯಲ್ಲಿರುವುದು.
4. ವಿದ್ಯಾರ್ಥಿಯ ಖಾತೆಗೆ ಆಧಾರ್ ಜೋಡಣೆಯಾಗದಿರುವುದು. ಎಸ್‌ಎಸ್‌ಪಿ ಮೂಲಕ ಮಂಜೂರಾದ ಹಣ ಆಧಾರ್ ಜೋಡಿಸಿದ ಖಾತೆಗೇ ಬರುತ್ತದೆ.
5. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು.

ಈ ಐದೂ ಕೆಲಸಗಳು ಫೆಬ್ರುವರಿಯಿಂದ ಮೇ ಒಳಗೆ ಆಗಬೇಕು. ಜುಲೈ ಮಳೆಯಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಸಿಗುವುದಿಲ್ಲ.

ಸಮಾಜದ ಪಾತ್ರ

ಜೈನ ಸಮಾಜದಲ್ಲಿ ವಿದ್ಯಾದಾನದ ಪರಂಪರೆ ದೊಡ್ಡದು. 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಬೋರ್ಡಿಂಗ್‌ಗಳನ್ನು ಕಟ್ಟಿ ಹಳ್ಳಿಯ ಮಕ್ಕಳನ್ನು ಪೇಟೆಯ ಕಾಲೇಜಿಗೆ ತಲುಪಿಸಿತು. ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪಿಸಿ, ದುಡಿಯುತ್ತಾ ಕಲಿಯುವ ಪದ್ಧತಿಯನ್ನು ಎಲ್ಲ ಜಾತಿಯ ಮಕ್ಕಳಿಗೂ ತೆರೆದರು. ಜೆ.ಎನ್. ಟಾಟಾ ಅವರ 1892ರ ದತ್ತಿ ನೀಡುವುದು ಸಾಲರೂಪದ ವಿದ್ಯಾರ್ಥಿವೇತನ. ಓದಿದವರು ಮರಳಿಸಿದ ಹಣ ಮುಂದಿನವರಿಗೆ ಹೋಗುತ್ತದೆ.

ಕಾಫಿ ನಾಡಿಗೆ ಒಪ್ಪುವುದು ಈ ಕೊನೆಯ ಮಾದರಿ. ಊರಿನ ಸಮಾಜವೊಂದು 10 ಲಕ್ಷ ರೂಪಾಯಿ ಕೂಡಿಸಿ, ಜುಲೈನಲ್ಲಿ 20 ವಿದ್ಯಾರ್ಥಿಗಳಿಗೆ ತಲಾ 50,000 ರೂಪಾಯಿ ಬಡ್ಡಿಯಿಲ್ಲದೆ ಕೊಟ್ಟು, ಕೊಯ್ಲಿನ ಹಣ ಬಂದ ಮಾರ್ಚ್‌ನಲ್ಲಿ ಮರಳಿ ಪಡೆದರೆ, ಅದೇ ಹಣ ಮುಂದಿನ ಜುಲೈಗೆ ಮತ್ತೆ ಸಿದ್ಧ. ಐದು ವರ್ಷದಲ್ಲಿ ನೂರು ಬಾರಿ ಶುಲ್ಕ ಕಟ್ಟಬಹುದು. ದಾನವಾಗಿ ಹಂಚಿದರೆ ಇಪ್ಪತ್ತಕ್ಕೇ ಮುಗಿಯಿತು. ಪಡೆದವರಿಗೂ ಬೇಡಿದೆವೆಂಬ ಸಂಕೋಚವಿರುವುದಿಲ್ಲ. ಹಣವನ್ನು ಪಾಲಕರ ಕೈಗೆ ಕೊಡದೆ ನೇರವಾಗಿ ಕಾಲೇಜಿಗೆ ಕಟ್ಟುವುದು, ಇಬ್ಬರ ಜಾಮೀನು ಪಡೆಯುವುದು, ಪಡೆದವರ ಹೆಸರನ್ನು ಗುಟ್ಟಾಗಿಡುವುದು, ಒಟ್ಟು ಲೆಕ್ಕವನ್ನು ವರ್ಷಕ್ಕೊಮ್ಮೆ ಬಸದಿಯಲ್ಲಿ ಓದುವುದು ಇದರ ನಿಯಮಗಳಾಗಬೇಕು. ಬೆಳೆ ನಾಶವಾದ ವರ್ಷ ಮರುಪಾವತಿಗೆ ಇನ್ನೊಂದು ಕೊಯ್ಲಿನವರೆಗೆ ಗಡುವು ಕೊಡಬೇಕು. ತಂದೆಯಿಲ್ಲದ ಮಕ್ಕಳು, ಜಮೀನಿಲ್ಲದ ಕುಟುಂಬಗಳು, ಬಸದಿಯ ಪುರೋಹಿತರ ಮಕ್ಕಳಿಗೆ ಮಾತ್ರ ಪೂರ್ಣ ದಾನದ ಪ್ರತ್ಯೇಕ ನಿಧಿ ಇರಲಿ.

ಸದ್ಯ ಹೆಚ್ಚಿನ ಕಡೆ ವಿದ್ಯಾದಾನ ಘೋಷಣೆಯಾಗುವುದು ಭಾದ್ರಪದದ ದಶಲಕ್ಷಣ ಪರ್ವದಲ್ಲಿ. ಅಷ್ಟರಲ್ಲಿ ಶುಲ್ಕದ ದಿನ ದಾಟಿರುತ್ತದೆ. ಪ್ರತಿಭಾ ಪುರಸ್ಕಾರವೂ ಶೇ 95 ಪಡೆದವರಿಗೇ ಸಲ್ಲುತ್ತದೆ. ಶೇ 65 ಪಡೆದು ಓದು ನಿಲ್ಲಿಸುವ ಸ್ಥಿತಿಯಲ್ಲಿರುವವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಮಹಾವೀರ ಜಯಂತಿ ಬರುವುದು ಚೈತ್ರದಲ್ಲಿ, ಕಾಫಿಯ ಹಣ ಕೈಗೆ ಬಂದ ಹೊತ್ತಿನಲ್ಲಿ. ಅಂದೇ ನಿಧಿ ಕೂಡಿಸಿ, ಅಂದೇ ಪಿಯುಸಿ ಮುಗಿಸಿದ ಮಕ್ಕಳ ಪಟ್ಟಿ ಮಾಡಿ, ಪ್ರತಿ ಮನೆಯ ದಾಖಲೆ ನೋಡಿಕೊಳ್ಳಲು ಒಬ್ಬೊಬ್ಬ ಸ್ವಯಂಸೇವಕರನ್ನು ಗೊತ್ತುಮಾಡಿದರೆ, ಮಳೆ ಹಿಡಿಯುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

ಯೋಜನೆಗಳ ಮೊತ್ತ, ಆದಾಯ ಮಿತಿ, ಕೊನೆಯ ದಿನಾಂಕ ಬದಲಾಗುವುದುಂಟು. ಅರ್ಜಿ ಹಾಕುವ ಮೊದಲು ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಯಲ್ಲಿ ಅಥವಾ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು.