ನಾಲ್ಕು ಕಣ್ಣಿನ ಚುಕ್ಕಿ ಮತ್ತು 1832ರ ನಾಯಿಗಲಾಟೆ

ನಾಯಿಗಳಿಗಾಗಿ ಮುಂಬಯಿ ಒಮ್ಮೆ ಬಂದ್ ಆಗಿತ್ತು ಅಂದರೆ ನೀವು ನಂಬಲಿಕ್ಕಿಲ್ಲ. ಇಲ್ಲಿ ಬಂದ್ ಅಂದರೆ ನಮಗೆ ನೆನಪಾಗುವುದು ಮಿಲ್ಲು, ರೈಲು, ರಾಜಕೀಯ. ನಲವತ್ತು ವರ್ಷದಿಂದ ಈ ಊರಿನ ಅನ್ನ ತಿನ್ನುತ್ತಿರುವ ನನಗೂ ಈ ಸಂಗತಿ ತಿಳಿದದ್ದು ನಮ್ಮ ಮನೆಗೆ ಚುಕ್ಕಿ ಬಂದ ಮೇಲೆಯೇ.

ಚುಕ್ಕಿ ಬೀದಿಯಿಂದ ಬಂದವಳು. 2019ರ ಮಳೆಗಾಲದಲ್ಲಿ ಮುಲುಂಡಿನ ನಮ್ಮ ಮನೆ ಹತ್ತಿರದ ಒಂದು ಆಸ್ಪತ್ರೆಯ ಕಂಪೌಂಡಿನಲ್ಲಿ ಹಿಂಗಾಲು ಮುರಿದುಕೊಂಡು ಬಿದ್ದಿದ್ದಳು. ಕಾಲು ಸರಿಯಾಗುವ ತನಕ ಇರಲಿ ಅಂತ ತಂದೆವು. ಕಾಲು ಸರಿಯಾಯಿತು, ಅವಳು ಹೋಗಲಿಲ್ಲ, ನಾವೂ ಕಳಿಸಲಿಲ್ಲ. ಕರಾವಳಿಯ ನಮ್ಮ ಮನೆಯಲ್ಲಿ ನಾಯಿ ಅಂದರೆ ಅಂಗಳದ್ದು, ಹೊಸಿಲು ದಾಟಿದರೆ ಅಮ್ಮ ಸೌದೆ ಕೊಳ್ಳಿ ಎತ್ತುತ್ತಿದ್ದರು. ಇಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಅಂಗಳ ಎಲ್ಲಿಂದ ತರೋಣ? ಹಾಗಾಗಿ ಸೋಫಾದ ಅರ್ಧ ಭಾಗ ಅವಳಿಗೆ ಬಿಟ್ಟುಕೊಟ್ಟಾಗಿದೆ. ಕುಕ್ಕರಿನ ಸೀಟಿಗೆ ಈಗಲೂ ಮಂಚದಡಿ ಹೋಗುತ್ತಾಳೆ. ಬೀದಿಯಲ್ಲಿ ಅವಳಿಗೆ ಏನೇನಾಗಿತ್ತೋ, ಅವಳಿಗೇ ಗೊತ್ತು.

ಅವಳ ಎರಡು ಕಣ್ಣಿನ ಮೇಲೂ ಒಂದೊಂದು ಕಂದು ಬೊಟ್ಟು. ಹೆಸರು ಬಂದದ್ದು ಅದರಿಂದಲೇ. ಪರೇಲಿನ ಪ್ರಾಣಿಗಳ ಆಸ್ಪತ್ರೆಯಲ್ಲಿ ಪಾಳಿಗೆ ಕೂತಿದ್ದಾಗ ಪಕ್ಕದಲ್ಲಿದ್ದ ಪಾರ್ಸಿ ಅಜ್ಜಿಯೊಬ್ಬರು ಅವಳ ಹಣೆ ಸವರಿ, ‘ಚಾರ್ ಆಂಖ್ ವಾಲಿ ಹೈ, ಸಂಭಾಲ್ ಕೆ ರಖನಾ’ ಅಂದರು. ಅವರ ಧರ್ಮದಲ್ಲಿ ಸತ್ತವರ ದೇಹವನ್ನು ನಾಯಿಗೆ ತೋರಿಸುವ ವಿಧಿಯೊಂದಿದೆ, ಅದಕ್ಕೆ ‘ಸಗ್‌ದೀದ್’ ಅನ್ನುತ್ತಾರೆ. ನಾಯಿಯ ನೋಟ ಅಂತ ಅರ್ಥ. ಅದಕ್ಕೆ ಇಂಥ ‘ನಾಲ್ಕು ಕಣ್ಣಿನ’ ನಾಯಿ ಶ್ರೇಷ್ಠವಂತೆ. ನಾವು ‘ನಾಯಿಪಾಡು’ ಅಂತ ಬೈಗುಳದ ಹಾಗೆ ಬಳಸುವ ಪ್ರಾಣಿ ಇನ್ನೊಬ್ಬರಿಗೆ ಕೊನೆಯ ಪಯಣದ ಸಾಕ್ಷಿ! ಮನೆಗೆ ಬಂದು ಹುಡುಕುತ್ತಾ ಕೂತಾಗ ಸಿಕ್ಕಿದ್ದೇ 1832ರ ಕಥೆ.

ಆಗ ಇಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ. ವರ್ಷದ ಕೆಲವು ವಾರಗಳಲ್ಲಿ, ಮುಖ್ಯವಾಗಿ ಬೇಸಿಗೆಯಲ್ಲಿ, ಬೀದಿನಾಯಿಗಳನ್ನು ಕೊಲ್ಲಲು ಅನುಮತಿಯಿತ್ತು. 1832ರಲ್ಲಿ ಆ ಅವಧಿಯನ್ನು ಜೂನ್ ನಡುವಿನ ತನಕ ಎಳೆದರು. ಕೊಂದ ಪ್ರತಿ ನಾಯಿಗೆ ಎಂಟಾಣೆ ಇನಾಮು. ಎಂಟಾಣೆ ಆಗ ಸಣ್ಣ ದುಡ್ಡಲ್ಲ ನೋಡಿ. ಇನಾಮಿನ ಆಸೆಗೆ ಮನೆಯೊಳಗಿನ ಸಾಕುನಾಯಿಗಳನ್ನೂ ಎಳೆದೊಯ್ಯುತ್ತಾರೆ ಅನ್ನುವ ದೂರು ಎದ್ದಿತು. ಜೂನ್ 6ರಂದು, ಅದು ಪಾರ್ಸಿಗಳಿಗೆ ಪವಿತ್ರ ದಿನ ಬೇರೆ, ನಾಯಿ ಹಿಡಿಯುತ್ತಿದ್ದ ಕಾನ್‌ಸ್ಟೇಬಲ್‌ಗಳ ಮೇಲೆ ಪಾರ್ಸಿಗಳ ಗುಂಪು ಬಿದ್ದಿತು. ಮರುದಿನ ಕೋಟೆ ಪ್ರದೇಶದಲ್ಲಿ ಅಂಗಡಿ ಮುಂಗಟ್ಟು ಬಂದ್. ಹಿಂದೂಗಳು, ಜೈನರು, ಮುಸಲ್ಮಾನರೂ ಜತೆಗೂಡಿದರು. ಎಲ್ಲಕ್ಕಿಂತ ಜಾಣತನದ್ದು ಯಾವುದೆಂದರೆ, ಕೊಲಾಬಾದ ದಂಡಿಗೆ ಹೋಗುತ್ತಿದ್ದ ರೊಟ್ಟಿ ಮಾಂಸವನ್ನು ತಡೆದದ್ದು! ಕೊನೆಗೆ ಸೈನ್ಯ ಕರೆಸಿದರು, ಹಲವರನ್ನು ಹಿಡಿದು ಒಳಗೆ ಹಾಕಿದರು.

ಇದು ಬರೀ ನಾಯಿಪ್ರೀತಿಯೇ ಅಂದರೆ ನನಗೆ ಅನುಮಾನ. ಕಂಪನಿಯ ಜತೆ ವ್ಯಾಪಾರ ಮಾಡಿ ಬೆಳೆದ ಜನಕ್ಕೆ, ನಮ್ಮ ಮನೆ ಬಾಗಿಲೊಳಗೂ ಇವರ ದೊಣ್ಣೆ ಬರುತ್ತದೆ ಅನ್ನುವುದು ಅಂದು ಕಣ್ಣಿಗೆ ಕಂಡಿರಬೇಕು. ನಾಯಿ ಒಂದು ನೆವವೂ ಆಗಿತ್ತು. ಆದರೆ ಗಲಾಟೆಯ ನಂತರ ಮನವಿ ಹಿಡಿದು ಹೋದ ಜಮ್‌ಶೇಟ್‌ಜೀ ಜೀಜೀಭಾಯಿ ಮುಂತಾದ ಹಿರಿಯರ ಕೋರಿಕೆ ಮಾತ್ರ ನೇರವಾಗಿತ್ತು: ಕೊಲ್ಲಬೇಡಿ, ಊರ ಹೊರಗೆ ಸಾಗಿಸಿ. ಎಲ್ಲಿಗೆ ಸಾಗಿಸುವುದು? ಅದಕ್ಕೂ ಸುಮ್ಮನೆ ಕೂರಲಿಲ್ಲ. 1834ರಲ್ಲಿ ಜೀಜೀಭಾಯಿಯವರು ಅಮೀಚಂದ್ ಶಾಹ್ ಅವರ ಜತೆ ಸೇರಿ ಭುಲೇಶ್ವರದಲ್ಲಿ ಪಾಂಜರಾಪೋಳ ಕಟ್ಟಿದರು. ಈಗ ಅಲ್ಲಿಗೆ ಹೋದರೆ ಕಾಣುವುದು ಹೆಚ್ಚಾಗಿ ದನಗಳೇ. ಹುಟ್ಟಿನ ಹಿಂದೆ ನಾಯಿಯ ಕಥೆ ಇದೆ ಅಂತ ಹುಲ್ಲು ಹಾಕುವವರಿಗೆ ಯಾರು ಹೇಳಬೇಕು? ಚುಕ್ಕಿಯ ಕಾಲು ಕೂಡಿಸಿದ ಪರೇಲಿನ ಆಸ್ಪತ್ರೆಗೂ 1880ರ ದಶಕದಲ್ಲಿ ದಾನ ಕೊಟ್ಟವರು ಪಾರ್ಸಿ ಮಿಲ್ ಮಾಲೀಕ ದಿನ್‌ಶಾ ಪೆಟಿಟ್. ಹೆಂಡತಿ ಸಾಕರ್‌ಬಾಯಿಯ ಹೆಸರು ಅದಕ್ಕೆ ಇಟ್ಟಿದ್ದಾರೆ.

ಹಾಗಂತ ಕಂಪನಿಯವರೆಲ್ಲ ರಾಕ್ಷಸರು ಅಂತ ಬರೆದು ಮುಗಿಸುವ ಹಾಗಿಲ್ಲ. ಪಾಸ್ಚರ್ ರೇಬಿಸ್ ಲಸಿಕೆಯನ್ನು ಮೊದಲು ಮನುಷ್ಯನಿಗೆ ಕೊಟ್ಟದ್ದು 1885ರಲ್ಲಿ. 1832ರಲ್ಲಿ ಹುಚ್ಚುನಾಯಿ ಕಚ್ಚಿದವನಿಗೆ ಔಷಧಿ ಅಂತ ಏನೂ ಇರಲಿಲ್ಲ. ಇವತ್ತಿಗೂ ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವ ಭಯದಲ್ಲೇ ಬೆಳೆದವರು ನಾವು. ಆ ಹಳೇ ಲಸಿಕೆ ನಮ್ಮ ದೇಶದಲ್ಲಿ ನಿಂತದ್ದೇ 2004ರ ಹೊತ್ತಿಗೆ. ನಮ್ಮ ಕಟ್ಟಡದ ವಾಚ್‌ಮನ್ ಮಗನಿಗೆ ನಾಯಿ ಕಚ್ಚಿದಾಗ ಐದು ಸಲವೂ ಅವನನ್ನು ಕರೆದುಕೊಂಡು ಹೋದವನು ನಾನೇ. ಬೀದಿನಾಯಿಯ ಹಲ್ಲು ಹೆಚ್ಚಾಗಿ ತಾಗುವುದು ಕಾರಿನಲ್ಲಿ ಓಡಾಡುವವರಿಗಲ್ಲ, ಬೆಳಗಿನ ಜಾವ ಹಾಲು ಪೇಪರು ಹಾಕುವವರಿಗೆ. ನಾಯಿಪ್ರಿಯರು ಈ ಮಾತು ಬಂದಾಗ ವಿಷಯ ಬದಲಿಸುವುದು ನನಗೆ ಹಿಡಿಸುವುದಿಲ್ಲ.

ಆದರೆ ಕೊಂದು ಏನಾದರೂ ಸಾಧಿಸಿದರೇ? ಕಂಪನಿ ಹೋಯಿತು, ರಾಣಿ ಸರಕಾರ ಹೋಯಿತು, ಸ್ವಾತಂತ್ರ್ಯ ಬಂದ ಮೇಲೂ ಮುನ್ಸಿಪಾಲ್ಟಿ ಗಾಡಿ ಬರುತ್ತಲೇ ಇತ್ತು. ನಾನು ಈ ಊರಿಗೆ ಬಂದ ಹೊಸತರಲ್ಲಿ ಆ ಗಾಡಿ ಕಂಡರೆ ಚಾಳಿನ ಮಕ್ಕಳು ನಾಯಿಗಳನ್ನು ಮೆಟ್ಟಿಲ ಕೆಳಗೆ ಬಚ್ಚಿಡುತ್ತಿದ್ದರು. ಹಿಡಿದವನ್ನು ಕರೆಂಟು ಹಾಯಿಸಿ ಕೊಲ್ಲುತ್ತಿದ್ದರು. ಒಂದು ಓಣಿ ಖಾಲಿಯಾದರೆ ಪಕ್ಕದ ಓಣಿಯವು ಬಂದು ಮರಿ ಹಾಕುತ್ತಿದ್ದವು, ಅಷ್ಟೇ. 1994ರಲ್ಲಿ ಕೋರ್ಟಿನ ಮಾತಿನ ಮೇಲೆ ಮುಂಬಯಿಯಲ್ಲಿ ಕೊಲ್ಲುವುದು ನಿಂತು ಸಂತಾನಹರಣ ಚಿಕಿತ್ಸೆ ಶುರುವಾಯಿತು. 2001ರಲ್ಲಿ ಇಡೀ ದೇಶಕ್ಕೆ ಅದೇ ನಿಯಮವಾಯಿತು. ಹಿಡಿ, ಆಪರೇಷನ್ ಮಾಡು, ಲಸಿಕೆ ಹಾಕು, ಗುರುತಿಗೆ ಕಿವಿಗೊಂದು ಕಚ್ಚು ಹಾಕಿ ಹಿಡಿದಲ್ಲೇ ಬಿಡು. ಚುಕ್ಕಿಯ ಕಿವಿಯಲ್ಲೂ ಆ ಕಚ್ಚು ಇದೆ.

ನಾಯಿಯನ್ನು ದತ್ತು ತಗೊಂಡಿದ್ದೇವೆ ಅಂದಾಗ ಊರಲ್ಲಿ ಸೋದರಮಾವ ಬಿದ್ದು ಬಿದ್ದು ನಕ್ಕರು. ಮುಂಬಯಿಯವರ ಶೋಕಿ ಅಂತ. ಮಾವನಿಗೆ ಆತಕೂರಿನ ಕಲ್ಲಿನ ಕಥೆ ಹೇಳಿದೆ. ಮದ್ದೂರು ತಾಲ್ಲೂಕಿನದು, ಹತ್ತನೆಯ ಶತಮಾನದ್ದು. ಗಂಗ ಬೂತುಗನ ಕಾಲದ ವೀರ ಮಣಲೆರ ಯುದ್ಧದಲ್ಲಿ ಶೌರ್ಯ ತೋರಿಸಿದ್ದಕ್ಕೆ ಒಡೆಯ ಮೆಚ್ಚಿ ಏನು ಬೇಕು ಅಂದಾಗ, ಅವನು ಬೇಡಿದ್ದು ‘ಕಾಳಿ’ ಅನ್ನುವ ನಾಯಿಯನ್ನು. ಅದು ಹಂದಿಯ ಜತೆ ಕಾದಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ಮ್ಯೂಸಿಯಮ್ಮಿನಲ್ಲಿದೆ. ಮಾವ ನಗು ನಿಲ್ಲಿಸಿ, ‘ಅದು ಹಂದಿ ಹಿಡಿಯಿತು ಮಾರಾಯ, ನಿನ್ನದು ಏನು ಹಿಡಿಯುತ್ತದೆ?’ ಅಂದರು. ಸೋಫಾ ಹಿಡಿದಿದೆ ಅಂದೆ.

2025ರಲ್ಲಿ ಹಳೇ ಪ್ರಶ್ನೆ ಮತ್ತೆ ಎದ್ದಿತು. ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಇಡಿ ಅಂದಿತು. ಆಗಸ್ಟ್ 22ರಂದು ಅದನ್ನು ಸಡಿಲಿಸಿ, ಹುಚ್ಚು ಹಿಡಿದವು ಮತ್ತು ಮೈಮೇಲೆ ಬೀಳುವಂಥವನ್ನು ಬಿಟ್ಟು ಉಳಿದವನ್ನು ಲಸಿಕೆ ಹಾಕಿ ಇದ್ದಲ್ಲೇ ಬಿಡಿ ಅಂದಿತು. ಬೇಕಾದವರು ದತ್ತು ತಗೊಳ್ಳಬಹುದು, ಆದರೆ ತಗೊಂಡ ಮೇಲೆ ಮತ್ತೆ ಬೀದಿಗೆ ಬಿಡಬಾರದು ಅಂತಲೂ ಹೇಳಿತು. ನವೆಂಬರ್ 7ರಂದು ಇನ್ನೊಂದು ಆದೇಶ: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್‌ಗಳಲ್ಲಿರುವ ನಾಯಿಗಳನ್ನು ತೆಗೆಯಬೇಕು, ಅದೇ ಜಾಗಕ್ಕೆ ವಾಪಸು ಬಿಡಬಾರದು. ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಾಯಿ ಮಲಗುವುದು ಸರಿ ಅಂತ ನಾನೂ ಹೇಳಲಾರೆ. ಆದರೆ ಎಲ್ಲಿಗೆ ಸಾಗಿಸುವುದು ಅನ್ನುವ ಪ್ರಶ್ನೆ 1832ರಲ್ಲಿ ಎಲ್ಲಿತ್ತೋ ಹೆಚ್ಚು ಕಡಿಮೆ ಅಲ್ಲೇ ಇದೆ. ಜೀಜೀಭಾಯಿಯಂಥವರು ಈಗ ಎಷ್ಟು ಮಂದಿ ಇದ್ದಾರೆ ಹೇಳಿ?

ಇದನ್ನೆಲ್ಲ ಈಗ ಯಾಕೆ ಬರೆದೆನೆಂದರೆ, ಚುಕ್ಕಿಯ ಒಡಹುಟ್ಟಿದವನೊಬ್ಬ ಇನ್ನೂ ಆ ಆಸ್ಪತ್ರೆಯ ಬಳಿಯೇ ಇದ್ದಾನೆ. ಕಿವಿಗೆ ಕಚ್ಚು ಬಿದ್ದಿದೆ, ಲಸಿಕೆ ಆಗಿದೆ, ಹಲ್ಲು ಅರ್ಧ ಹೋಗಿದೆ. ಮನೆಗೆ ತಂದರೆ ಚುಕ್ಕಿಯೇ ಅವನನ್ನು ಒಳಗೆ ಬಿಡುವುದಿಲ್ಲ, ಎರಡು ಸಲ ನೋಡಿಯಾಯಿತು. ದತ್ತು ತಗೊಳ್ಳುವವರು ಕೇಳುವುದು ಮರಿಗಳನ್ನು, ಮುದಿಯನನ್ನು ಯಾರು ಕೇಳುತ್ತಾರೆ? ನವೆಂಬರ್ ನಂತರ ರಿಕ್ಷಾದವರು ಅವನ ಗೋಣಿಚೀಲವನ್ನು ಗೇಟಿನಾಚೆ ತಮ್ಮ ಸ್ಟ್ಯಾಂಡಿಗೆ ಎಳೆದು ಹಾಕಿದ್ದಾರೆ. ಆಸ್ಪತ್ರೆಯ ಗೋಡೆಗೂ ಆ ಗೋಣಿಗೂ ಹತ್ತು ಹೆಜ್ಜೆ ಇದೆ, ನಾನು ಅಳೆದು ನೋಡಿದ್ದೇನೆ.