ಕಾವಲು ಮತ್ತು ಕಾನೂನು: ಖರಕ್ ಸಿಂಗ್ ಮೊಕದ್ದಮೆಯಿಂದ ಪುಟ್ಟಸ್ವಾಮಿ ತೀರ್ಪಿನವರೆಗೆ

ಪ್ರಜೆಗಳ ನಡೆನುಡಿಗಳನ್ನು ಗುಟ್ಟಾಗಿ ಅರಿಯಬಯಸುವುದು ಪ್ರಭುತ್ವದ ಪುರಾತನ ಸ್ವಭಾವ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ದೊರೆತು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವು ಗೂಢಪುರುಷರನ್ನು ರಾಜ್ಯಾಡಳಿತದ ಒಂದು ಅಂಗವೆಂದೇ ಎಣಿಸುತ್ತದೆ. ಆದರೆ ಅಲ್ಲಿಯೂ ಒಂದು ಕಟ್ಟಳೆಯುಂಟು: ಮೂವರು ಚಾರರ ಮಾತು ಒಂದೇ ಆಗಿ ಬಂದಲ್ಲಿ ಮಾತ್ರ ಅರಸನು ಅದನ್ನು ನಂಬತಕ್ಕದ್ದು. ಈ ಕಟ್ಟಳೆ ಅರಸನು ಮೋಸಹೋಗದಿರಲೆಂದು ಹುಟ್ಟಿದ್ದೇ ಹೊರತು ಪ್ರಜೆಯ ರಕ್ಷಣೆಗಾಗಿ ಅಲ್ಲ. ಪ್ರಜೆಯ ಪರವಾದ ಕಟ್ಟಳೆಯೊಂದು ಇರಬೇಕೆಂಬ ವಿಚಾರ ಭಾರತದಲ್ಲಿ ಸಂವಿಧಾನದ ಜೊತೆಗೆ ಬಂದಿತು. ಅದು ನ್ಯಾಯಾಲಯದಲ್ಲಿ ನೆಲೆಗೊಳ್ಳಲು ತೆಗೆದುಕೊಂಡ ಕಾಲ ಮಾತ್ರ ಬಹಳ ದೀರ್ಘವಾದುದು.

ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನನ್ನು 1941ರಲ್ಲಿ ದರೋಡೆಯ ಆಪಾದನೆಯ ಮೇಲೆ ಹಿಡಿದು, ಸಾಕ್ಷ್ಯವಿಲ್ಲದ ಕಾರಣ ಬಿಟ್ಟುಬಿಡಲಾಯಿತು. ಹೀಗೆ ಅಪರಾಧವು ರುಜುವಾತಾಗದಿದ್ದರೂ ಪೋಲೀಸರು ಅವನ ಹೆಸರಿನಲ್ಲಿ ಚರಿತ್ರಪಟ್ಟಿಯೊಂದನ್ನು ತೆರೆದು ಅವನನ್ನು ಕಾವಲಿಗೊಳಪಡಿಸಿದರು. ಆ ಪ್ರಾಂತದ ಪೋಲೀಸ್ ನಿಯಮಾವಳಿಯ 236ನೆಯ ನಿಯಮವು ಈ ಕಾವಲಿನ ಆರು ಬಗೆಗಳನ್ನು ಹೇಳುತ್ತಿತ್ತು. ಮನೆಯನ್ನೂ ಮನೆಯ ದಾರಿಯನ್ನೂ ಗುಟ್ಟಾಗಿ ಕಾಯುವುದು. ರಾತ್ರಿವೇಳೆ ಮನೆಗೆ ಹೋಗಿ ನೋಡುವುದು. ಅವನ ನಡತೆ, ಒಡನಾಟ, ಆದಾಯ, ವೆಚ್ಚ, ಕಸುಬುಗಳನ್ನು ಆಗಾಗ ವಿಚಾರಿಸುವುದು. ಊರಿಂದ ಊರಿಗೆ ಹೋದುದನ್ನು ವರದಿ ಮಾಡುವುದು. ಅದನ್ನು ಚೀಟಿಗಳ ಮೂಲಕ ತಾಳೆ ನೋಡುವುದು. ತಿಳಿದುದೆಲ್ಲವನ್ನೂ ಪಟ್ಟಿಗೆ ಸೇರಿಸುವುದು. ಚೌಕಿದಾರನೂ ಪೇದೆಯೂ ನಡುರಾತ್ರಿಯಲ್ಲಿ ಬಂದು ಬಾಗಿಲು ತಟ್ಟಿ ಕೂಗಿ ತನ್ನನ್ನು ಎಬ್ಬಿಸುತ್ತಿದ್ದರೆಂದು ಖರಕ್ ಸಿಂಗ್ ಸರ್ವೋಚ್ಚ ನ್ಯಾಯಾಲಯಕ್ಕೆ ದೂರಿತ್ತನು.

ವಿಚಾರಣೆಯಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು. ಈ ನಿಯಮಗಳಿಗೆ ಯಾವ ಶಾಸನದ ಆಧಾರವೂ ಇರಲಿಲ್ಲ. ಇಲಾಖೆಯು ತನ್ನ ಸಿಬ್ಬಂದಿಯ ಮಾರ್ಗದರ್ಶನಕ್ಕಾಗಿ ತಾನೇ ಬರೆದುಕೊಂಡ ಸೂಚನೆಗಳು ಅವು. ಅಂತಲೇ 1962ನೆಯ ಡಿಸೆಂಬರ್ 18ರಂದು ಆರು ನ್ಯಾಯಾಧೀಶರ ಪೀಠವು ರಾತ್ರಿಯ ಭೇಟಿಯನ್ನು ಸಂವಿಧಾನಬಾಹಿರವೆಂದು ಸಾರಿತು. ಆದರೆ ನ್ಯಾಯಮೂರ್ತಿ ಅಯ್ಯಂಗಾರರು ಬರೆದ ಬಹುಮತದ ತೀರ್ಪು ಉಳಿದ ಐದು ಬಗೆಗಳನ್ನು ಮುಟ್ಟಲಿಲ್ಲ. ಗುಟ್ಟಾದ ಕಾವಲು ಯಾರ ಕಾಲನ್ನೂ ಕಟ್ಟುವುದಿಲ್ಲ, ಏಕಾಂತದ ಹಕ್ಕನ್ನು ಸಂವಿಧಾನವು ಹೇಳಿಲ್ಲ ಎಂಬುದು ಅದರ ತರ್ಕ. ನ್ಯಾಯಮೂರ್ತಿ ಸುಬ್ಬರಾಯರು ಇದನ್ನು ಒಪ್ಪಲಿಲ್ಲ; ನ್ಯಾಯಮೂರ್ತಿ ಶಹಾ ಅವರೂ ಅವರ ಜೊತೆಗೆ ನಿಂತರು. ಹೆಜ್ಜೆಹೆಜ್ಜೆಯನ್ನೂ ಬರೆದುಕೊಳ್ಳುವ ಕಣ್ಣಿನ ಕೆಳಗೆ ನಡೆಯುವವನಿಗೆ ದೇಹದ ಚಲನೆ ಇದ್ದೀತು, ಸ್ವಾತಂತ್ರ್ಯವಿರದೆಂಬುದು ಸುಬ್ಬರಾಯರ ಅಭಿಪ್ರಾಯದ ತಿರುಳು. ಹೀಗೆ ಬಾಗಿಲು ತಟ್ಟುವ ಕೈಯನ್ನು ನ್ಯಾಯಾಲಯವು ತಡೆಯಿತು. ಸದ್ದಿಲ್ಲದೆ ನೋಡುವ ಕಣ್ಣನ್ನು ಹಾಗೆಯೇ ಬಿಟ್ಟಿತು.

ಬಿಟ್ಟುದರ ಫಲವು ದೂರವಾಣಿಯ ವಿಷಯದಲ್ಲಿ ಕಂಡುಬಂದಿತು. ಇಲ್ಲಿ ಶಾಸನವೇನೋ ಇದ್ದಿತು: 1885ರ ಟೆಲಿಗ್ರಾಫ್ ಶಾಸನದ 5ನೆಯ ಕಲಮು. ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಹೆಸರಿನಲ್ಲಿ ಸಂದೇಶಗಳನ್ನು ತಡೆಹಿಡಿಯಲು ಅದು ಸರಕಾರಕ್ಕೆ ಅಧಿಕಾರ ಕೊಟ್ಟಿತ್ತು. ತುರ್ತು ನಿಜವಾಗಿ ಇದೆಯೇ ಎಂಬ ಸಂಶಯ ಬಂದರೆ ಸರಕಾರದ ಕಾರ್ಯದರ್ಶಿಯ ಪ್ರಮಾಣಪತ್ರವೇ ಕಡೆಯ ಮಾತು. ಪರಕೀಯ ಪ್ರಭುತ್ವಕ್ಕೆ ಇದು ತಕ್ಕುದೇ ಆಗಿತ್ತು. 1972ರ ತಿದ್ದುಪಡಿಯು ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕೆಂದು ವಿಧಿಸಿತು. ಆದರೆ ಅಧಿಕಾರದ ದುರುಪಯೋಗವನ್ನು ತಡೆಯುವ ನಿಯಮಗಳನ್ನು ರಚಿಸಲು ಶಾಸನದಲ್ಲೇ ಅವಕಾಶವಿದ್ದರೂ, ಮುಂದಿನ ಎರಡು ದಶಕಗಳು ಕಳೆದರೂ ಅವು ರಚಿತವಾಗಲಿಲ್ಲ.

ಕರ್ನಾಟಕವೂ ಇದರ ಬಿಸಿಯನ್ನು ಕಂಡಿತು. ದೂರವಾಣಿಗಳನ್ನು ಕದ್ದು ಕೇಳಲಾಯಿತೆಂಬ ಆಪಾದನೆಯ ನಡುವೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ರಾಜೀನಾಮೆಯಿತ್ತರು. ಅಲ್ಲಿ ಕೆಲಸ ಮಾಡಿದುದು ರಾಜಕೀಯದ ಒತ್ತಡ. ಕದ್ದು ಕೇಳುವಿಕೆಗೆ ಕಾನೂನಿನ ಮೇರೆ ಮಾತ್ರ ಇನ್ನೂ ಗೊತ್ತಾಗಿರಲಿಲ್ಲ. ರಾಜಕಾರಣಿಗಳ ದೂರವಾಣಿಗಳ ಬಗ್ಗೆ ಸಿ.ಬಿ.ಐ. ನಡೆಸಿದ ತನಿಖೆಯ ವರದಿಯು 1991ರಲ್ಲಿ ಬೆಳಕಿಗೆ ಬರಲು, ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 1996ರಲ್ಲಿ, ಕಾಕತಾಳೀಯವೆಂಬಂತೆ ಅದೇ ಡಿಸೆಂಬರ್ 18ರಂದು, ತೀರ್ಪು ಬಂದಿತು. ಆಜ್ಞೆಯನ್ನು ಗೃಹ ಕಾರ್ಯದರ್ಶಿಯೇ ಹೊರಡಿಸಬೇಕು. ಅದರ ಆಯುಸ್ಸು ಎರಡು ತಿಂಗಳು, ಒಟ್ಟಿನಲ್ಲಿ ಆರು ತಿಂಗಳಿಗೆ ಮೀರಕೂಡದು. ಪುನರ್ವಿಮರ್ಶೆಗೆ ಸಮಿತಿಯೊಂದಿರಬೇಕು ಎಂದು ನ್ಯಾಯಾಲಯವು ವಿಧಿಸಿತು. ಆದರೆ ಆಜ್ಞೆಗೆ ಮೊದಲು ನ್ಯಾಯಾಧೀಶನ ಅನುಮತಿ ಬೇಕೆಂಬ ವಾದವನ್ನು ಶಾಸನದಲ್ಲಿ ಹಾಗಿಲ್ಲವೆಂದು ಕೈಬಿಟ್ಟಿತು.

ಮೂರನೆಯ ಘಟ್ಟದಲ್ಲಿ ಕಾಣಿಸಿಕೊಂಡವರು ಕನ್ನಡ ನಾಡಿನ ವಯೋವೃದ್ಧರೊಬ್ಬರು. ಆಧಾರ್ ಯೋಜನೆಯು 2009ರಲ್ಲಿ ಕೇವಲ ಒಂದು ಸರಕಾರಿ ಅಧಿಸೂಚನೆಯಿಂದ ಹುಟ್ಟಿತು. ಕೋಟ್ಯಂತರ ಜನರ ಬೆರಳಚ್ಚುಗಳು ಸಂಗ್ರಹವಾದ ಮೇಲೆ, 2016ರಲ್ಲಿ, ಅದಕ್ಕೆ ಶಾಸನ ಬಂದಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲೇ ಇದನ್ನು ಪ್ರಶ್ನಿಸಿದ್ದರು. ಏಕಾಂತವು ಮೂಲಭೂತ ಹಕ್ಕಲ್ಲವೆಂದು 2015ರಲ್ಲಿ ಸರಕಾರವು ವಾದಿಸಿದಾಗ ಅದು ಆಶ್ರಯಿಸಿದ ಆಧಾರಗಳಲ್ಲೊಂದು ಖರಕ್ ಸಿಂಗ್ ತೀರ್ಪೇ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ತೀರ್ಪಿನ ಆ ಭಾಗವನ್ನು ತಳ್ಳಿಹಾಕಿದರು. ಪ್ರಜೆಯ ಏಕಾಂತದಲ್ಲಿ ಕೈಯಿಡಬೇಕಾದರೆ ಶಾಸನವಿರಬೇಕು, ಉದ್ದೇಶವು ನ್ಯಾಯವಾಗಿರಬೇಕು, ಉಪಾಯವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕೆಂಬ ಒರೆಗಲ್ಲು ಅಂದು ದೊರೆಯಿತು. ಸುಬ್ಬರಾಯರ ಭಿನ್ನಮತಕ್ಕೆ ಮನ್ನಣೆ ದೊರೆತುದು ಐವತ್ತೈದು ವರ್ಷಗಳ ತರುವಾಯ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಮೂರು ಪ್ರಕರಣಗಳಲ್ಲಿಯೂ ಕಾರ್ಯಾಂಗವು ಮೊದಲು ನಡೆಯಿತು, ನಿಯಮವು ಹಿಂದಿನಿಂದ ಬಂದಿತು. ಹಾಗೆ ಬಂದ ನಿಯಮದಲ್ಲಿಯೂ ಒಂದು ಸ್ಥಾನ ಇನ್ನೂ ತೆರವಾಗಿಯೇ ಇದೆ. 2023ರ ದೂರಸಂಪರ್ಕ ಶಾಸನದ ಮೇರೆಗೆ 2024ರ ಡಿಸೆಂಬರಿನಲ್ಲಿ ಹೊರಬಂದ ನಿಯಮಗಳಲ್ಲಿಯೂ ಆಜ್ಞೆಗೆ ರುಜು ಹಾಕುವವರು ಸರಕಾರದ ಅಧಿಕಾರಿಗಳು. ಅದನ್ನು ಪರಿಶೀಲಿಸುವ ಸಮಿತಿಯವರೂ ಸರಕಾರದ ಕಾರ್ಯದರ್ಶಿಗಳೇ. ರಾಜ್ಯಕ್ಕೆ ಶತ್ರುಗಳುಂಟು, ಅವರ ಮೇಲೆ ಕಣ್ಣಿಡಬೇಕೆಂಬುದೂ ನಿರ್ವಿವಾದ. ಆದರೆ ಲೆಕ್ಕ ಬರೆದವನೇ ಲೆಕ್ಕ ತಪಾಸಣೆ ಮಾಡುವುದನ್ನು ಸಣ್ಣ ಸಹಕಾರ ಸಂಘವೂ ಒಪ್ಪುವುದಿಲ್ಲ. ಖರಕ್ ಸಿಂಗನಿಗಾದರೋ ನಡುರಾತ್ರಿಯಲ್ಲಿ ಬಾಗಿಲ ಸದ್ದು ಕೇಳಿಸುತ್ತಿತ್ತು. ಆದಕಾರಣ ಅವನು ನ್ಯಾಯಾಲಯಕ್ಕೆ ಹೋಗಬಲ್ಲವನಾದನು. ತಂತಿಯಲ್ಲಿ, ಯಂತ್ರದಲ್ಲಿ ನಡೆಯುವ ಕಾವಲು ಸದ್ದು ಮಾಡುವುದಿಲ್ಲ. ಯಾರ ಮೇಲೆ ಕಣ್ಣಿದೆಯೋ ಅವನಿಗೆ ಅದು ತಿಳಿಯದಿರುವಾಗ ಅವನ ಪರವಾಗಿ ಕೇಳಬಲ್ಲವನು ಸ್ವತಂತ್ರ ನ್ಯಾಯಾಧೀಶನೊಬ್ಬನೇ. ಆ ಪೀಠವನ್ನು ಶಾಸನವು ಇನ್ನೂ ಹಾಕಿಲ್ಲ.